ಶಾಲೆಯಲ್ಲಿ ನಶೆ, ಹೊಡೆದಾಟ ತಡೆಯಲು ಸರ್ಕಾರದ ದುಡ್ಡು: ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು, ಏನಂತ ಬರೆಯಬೇಕು

‘ಶಾಲೆಯಲ್ಲಿ ನಶೆ ತಡೆಯುವ ಅನುದಾನ’ ಅಂತ ಒಂದು ಯೋಜನೆ ಇದೆ, ಅದಕ್ಕೊಂದು ಅರ್ಜಿ ನಮೂನೆ ಇದೆ ಅಂದುಕೊಂಡು ಕಚೇರಿ ಸುತ್ತಬೇಡಿ. ನಾವು ಸುತ್ತಿದ್ದೇವೆ. ಸಕಲೇಶಪುರ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ನಾನು ಮೂರು ವರ್ಷ ಇದ್ದೆ. ಏಳನೇ ಕ್ಲಾಸಿನ ಹುಡುಗನೊಬ್ಬನ ಬ್ಯಾಗಿನಲ್ಲಿ ನಶೆಗೆ ಮೂಸಲು ಇಟ್ಟುಕೊಂಡ, ಪಂಕ್ಚರ್ ಹಾಕುವ ಸಲ್ಯೂಷನ್ ಟ್ಯೂಬು ಸಿಕ್ಕಿತು. ಅದೇ ವಾರ ಗಾಬರಿಯಲ್ಲಿ ಎರಡು ಪುಟದ ಮನವಿ ಬರೆದು, ಎಲ್ಲರೂ ಸಹಿ ಹಾಕಿ, ಒಂದು ಕಚೇರಿಗೆ ಕೊಟ್ಟು ಬಂದೆವು. ಏಳು ತಿಂಗಳಾದ ಮೇಲೆ ಒಂದು ಸಾಲಿನ ಉತ್ತರ ಬಂತು: ಈ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಆಮೇಲೆ ಗೊತ್ತಾಗಿದ್ದು ಇಷ್ಟು. ದುಡ್ಡು ಇದೆ, ಆದರೆ ಚೂರು ಚೂರಾಗಿ ಐದಾರು ಇಲಾಖೆಗಳಲ್ಲಿ ಬೇರೆ ಬೇರೆ ಹೆಸರಲ್ಲಿ ಕೂತಿದೆ. ಒಂದು ಕಡೆ ‘ಸುರಕ್ಷತೆ’, ಇನ್ನೊಂದು ಕಡೆ ‘ತಂಬಾಕು ನಿಯಂತ್ರಣ’, ಮತ್ತೊಂದು ಕಡೆ ‘ಆತ್ಮರಕ್ಷಣೆ’. ನೀವು ಆ ಇಲಾಖೆಗೆ ಗೊತ್ತಿರುವ ಹೆಸರಿನಲ್ಲೇ ಕೇಳಬೇಕು. ಬೇರೆ ಹೆಸರಲ್ಲಿ ಕೇಳಿದರೆ ಇದ್ದ ದುಡ್ಡೂ ಇಲ್ಲ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ, ನೀವು ಹೇಳಿದ ಹೆಸರು ಅವರ ರಿಜಿಸ್ಟರಿನಲ್ಲಿ ಇರುವುದಿಲ್ಲ ಅಷ್ಟೇ.

ಮೊದಲು ಒಂದು ವಾರ ಸುಮ್ನೆ ಸುತ್ತಾಡಿ

ದುಡ್ಡು ಕೇಳುವ ಮುಂಚೆ ನಿಮ್ಮ ಶಾಲೆಯ ತೊಂದರೆ ಯಾವುದು ಅಂತ ಗೊತ್ತಿರಬೇಕು ಅಲ್ವಾ. ಗಾಂಜಾ ಅಂತ ಪೇಪರಿನಲ್ಲಿ ಓದಿ ಎಲ್ಲರೂ ಗಾಂಜಾ ಗಾಂಜಾ ಅನ್ನುತ್ತಾರೆ. ನಮ್ಮಲ್ಲಿ ನಿಜಕ್ಕೂ ಇದ್ದದ್ದು ಗೇಟಿನ ಎದುರಿನ ಗೂಡಂಗಡಿಯ ಗುಟ್ಕಾ, ಸಲ್ಯೂಷನ್ನು, ಆಮೇಲೆ ಬಟವಾಡೆಯ ಮಾರನೇ ದಿನ ಮೈ ಮೇಲೆ ಬಾಸುಂಡೆ ಹೊತ್ತು ಬರುವ, ಎಸ್ಟೇಟ್ ಕೂಲಿಯವರ ಲೈನ್ ಮನೆಯ ಮಕ್ಕಳು. ದೆಹಲಿಯ ಏಮ್ಸ್ ಮಾಡಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯಲ್ಲೂ ಇದೇ ಇದೆ. ಮೂಸುವ ವಸ್ತುಗಳ ವಿಷಯದಲ್ಲಿ ಮಾತ್ರ ದೊಡ್ಡವರಿಗಿಂತ ಮಕ್ಕಳೇ ಮುಂದಿದ್ದಾರೆ. 10ರಿಂದ 17 ವರ್ಷದವರಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58.

ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಗೇಟಿನಿಂದ ನೂರು ಮೀಟರ್ ಒಳಗೆ ತಂಬಾಕು ಮಾರುವ ಅಂಗಡಿ ಎಷ್ಟು, ಕಾಂಪೌಂಡ್ ಎಲ್ಲಿ ಬಿದ್ದಿದೆ, ಸಂಜೆ ಮೇಲೆ ಶಾಲೆ ಜಗಲಿಯಲ್ಲಿ ಬಾಟಲಿ ಬೀಳುತ್ತಾ, ಶೌಚಾಲಯದ ಹಿಂದೆ ಲೈಟ್ ಇದೆಯಾ, ಹೋದ ವರ್ಷ ಶಾಲೆ ಬಿಟ್ಟ ಮಕ್ಕಳು ಎಷ್ಟು. ಬೆಳಿಗ್ಗೆ ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮಕ್ಕಳ ಹೆಸರು ಮಾತ್ರ ಯಾವ ಕಾಗದದಲ್ಲೂ ಬೇಡ, ಮನವಿಯಲ್ಲೂ ಬೇಡ, ಎಸ್‌ಡಿಎಂಸಿ ವಾಟ್ಸ್‌ಆಪ್ ಗ್ರೂಪಿನಲ್ಲಂತೂ ಬೇಡವೇ ಬೇಡ. ನಮ್ಮಲ್ಲಿ ಯಾರೋ ಹಾಕಿದರು, ಆ ಹುಡುಗ ಹದಿನೈದು ದಿನ ಶಾಲೆಗೆ ಬರಲಿಲ್ಲ.

ನಡಾವಳಿ ಇಲ್ಲದೆ ಒಂದು ಹೆಜ್ಜೆಯೂ ಇಡಬೇಡಿ

ಎಸ್‌ಡಿಎಂಸಿ ಸಭೆ ಕರೆದು ನಡಾವಳಿ ಪುಸ್ತಕದಲ್ಲಿ ಬರೆಸಿ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಂ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರು ಮಾಡುವುದೇ ಈ ಸಮಿತಿ. ಆ ಯೋಜನೆಯಲ್ಲಿ ನಿಮ್ಮ ಬೇಡಿಕೆ ಇಲ್ಲದಿದ್ದರೆ ಮೇಲಿನವರು ‘ನಿಮ್ಮ ಪ್ಲಾನಿನಲ್ಲೇ ಇಲ್ವಲ್ಲ’ ಅಂತ ವಾಪಸ್ ಕಳಿಸಬಹುದು. ನಾವು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು, ಬೇಕಾದರೆ ಹೀಗೇ ಬಳಸಿಕೊಳ್ಳಿ:

“ಶಾಲೆಯ ಸುತ್ತ ನೂರು ಮೀಟರ್ ವ್ಯಾಪ್ತಿಯಲ್ಲಿ ತಂಬಾಕು ಮಾರುವ 3 ಅಂಗಡಿಗಳು ಇರುವುದನ್ನು, ಹಿಂಭಾಗದ ಕಾಂಪೌಂಡ್ 40 ಅಡಿ ಬಿದ್ದಿರುವುದನ್ನು ಸಭೆ ಗಮನಿಸಿತು. ಮಕ್ಕಳ ಸುರಕ್ಷತೆ ಮತ್ತು ವ್ಯಸನ ತಡೆಗಾಗಿ (1) ತಂಬಾಕು ಮುಕ್ತ ಶಾಲೆ ಮಾನದಂಡಗಳನ್ನು ಜಾರಿ ಮಾಡಲು, (2) 6ರಿಂದ 8ನೇ ತರಗತಿಗೆ ಜೀವನ ಕೌಶಲ ತರಗತಿ ನಡೆಸಲು, (3) ಹೆಣ್ಣುಮಕ್ಕಳಿಗೆ ಆತ್ಮರಕ್ಷಣಾ ತರಬೇತಿ ಕೊಡಿಸಲು, (4) ಕಾಂಪೌಂಡ್ ದುರಸ್ತಿಗೆ ಗ್ರಾಮ ಪಂಚಾಯಿತಿಯನ್ನು ಕೋರಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.”

ನೋಡಿ, ನಾಲ್ಕು ಅಂಶ ಇರುವುದು ನಾಲ್ಕು ಕಚೇರಿಗಾಗಿ. ಇದರ ದೃಢೀಕೃತ ಪ್ರತಿ ಹತ್ತು ತೆಗೆಸಿ, ಹೆಡ್‌ಮಾಸ್ಟರ್ ಸೀಲು ಹಾಕಿಸಿ ಇಟ್ಟುಕೊಳ್ಳಿ. ಜೆರಾಕ್ಸ್ ಅಂಗಡಿಗೆ ಮತ್ತೆ ಮತ್ತೆ ಓಡುವುದು ತಪ್ಪುತ್ತದೆ.

ಶಾಲೆಗೇ ಬರುವ ದುಡ್ಡು: ಸಮಗ್ರ ಶಿಕ್ಷಣ

ಎಲ್ಲರೂ ಮರೆಯುವುದು ಇದನ್ನೇ. 2018-19ರಿಂದ ನಡೆಯುತ್ತಿರುವ ಸಮಗ್ರ ಶಿಕ್ಷಣದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಅದರಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಸಂಯುಕ್ತ ಶಾಲಾ ಅನುದಾನ ಇದೆ. ಯೋಜನೆಯ ಮಾರ್ಗಸೂಚಿಯಲ್ಲಿ ಮಕ್ಕಳ ಸಂಖ್ಯೆ 30ರವರೆಗೆ ಇದ್ದರೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕಿಂತ ಜಾಸ್ತಿ ಇದ್ದರೆ 1 ಲಕ್ಷ. ಸಂಖ್ಯೆ ತೆಗೆದುಕೊಳ್ಳುವುದು ಶಾಲೆಗಳ ಅಂಕಿಅಂಶ ತುಂಬುವ ಯೂಡೈಸ್ ಪ್ಲಸ್ ಪೋರ್ಟಲಿನಿಂದ. ಹಾಗಾಗಿ ಅಲ್ಲಿ ತಪ್ಪು ತುಂಬಿ 101 ಇದ್ದದ್ದು 99 ಆದರೆ ಅರ್ಧ ದುಡ್ಡು ಹೋಯಿತು. ಮಂಜೂರಾದದ್ದು ಒಂದೇ ಸಲ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ, ಕೆಲವು ವರ್ಷ ಕಡಿಮೆಯೂ ಬರುತ್ತದೆ. ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗಬೇಕು. ಕರೆಂಟ್ ಬಿಲ್ಲು, ಚಾಕ್‌ಪೀಸು, ಸಣ್ಣ ದುರಸ್ತಿ ಎಲ್ಲ ಇದರಲ್ಲೇ. ಶೌಚಾಲಯದ ಹಿಂದಿನ ಲೈಟು, ದೂರು ಪೆಟ್ಟಿಗೆ, ಗೇಟಿನ ಬೋರ್ಡು ಇವಕ್ಕೆ ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಇದೇ ಯೋಜನೆಯೊಳಗೆ ಇನ್ನೂ ಮೂರು ಹೆಸರು ಇವೆ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ತಿರ ಇದೇ ಹೆಸರು ಹೇಳಿ ಕೇಳಿ. ಒಂದು ‘ಶಾಲಾ ಸುರಕ್ಷತೆ ಮತ್ತು ಭದ್ರತೆ’, ಶಾಲೆಗೆ 2,000 ರೂಪಾಯಿ. ಎರಡನೆಯದು ‘ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಾ ಪ್ರಶಿಕ್ಷಣ’. ಇದು 6ನೇ ತರಗತಿಯಿಂದ ಮೇಲಿನ ಹೆಣ್ಣುಮಕ್ಕಳಿಗೆ, ತಿಂಗಳಿಗೆ 5,000ದಂತೆ ಮೂರು ತಿಂಗಳು. ಮೂರನೆಯದು ಕ್ರೀಡಾ ಅನುದಾನ, ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000. ಕ್ರೀಡೆಗೂ ನಶೆಗೂ ಏನು ಸಂಬಂಧ ಅಂದರೆ, ನಮ್ಮೂರಲ್ಲಿ ನಾಲ್ಕೂವರೆಯಿಂದ ಆರು ಗಂಟೆಯವರೆಗಿನ ಹೊತ್ತೇ ತೊಂದರೆಯ ಹೊತ್ತು. ಕೆಲಸದಿಂದ ಅಪ್ಪ ಅಮ್ಮ ಬಂದಿರುವುದಿಲ್ಲ. ಒಂದು ವಾಲಿಬಾಲ್ ನೆಟ್ಟು ಮಾಡಿದ ಕೆಲಸ ಹತ್ತು ಭಾಷಣ ಮಾಡಲಿಲ್ಲ.

ಆತ್ಮರಕ್ಷಣೆ ವಿಷಯದಲ್ಲಿ ಒಂದು ಮಾತು. ತರಬೇತುದಾರರು ಸಿಗದೆ ಎಷ್ಟೋ ಕಡೆ ಮಾರ್ಚಿನಲ್ಲಿ ನಾಲ್ಕು ಫೋಟೋ ತೆಗೆದು ಮುಗಿಸುತ್ತಾರೆ. ಕರಾಟೆ ಬ್ಲ್ಯಾಕ್ ಬೆಲ್ಟ್ ಇರುವವರು ತಾಲ್ಲೂಕಿನಲ್ಲಿ ಯಾರಿದ್ದಾರೆ ಅಂತ ಜೂನ್‌ನಲ್ಲೇ ಹುಡುಕಿ, ಪಕ್ಕದ ಎರಡು ಶಾಲೆಗಳ ಜೊತೆ ಮಾತಾಡಿಕೊಂಡು ದಿನ ಹಂಚಿಕೊಳ್ಳಿ. ಒಂದೇ ಶಾಲೆಗೆ ಸಕಲೇಶಪುರದಿಂದ ಯಾರೂ ಬರುವುದಿಲ್ಲ, ಬಸ್ ಚಾರ್ಜೂ ಗಿಟ್ಟುವುದಿಲ್ಲ.

ಆರೋಗ್ಯ ಇಲಾಖೆ: ದುಡ್ಡು ಕೊಡುವುದಿಲ್ಲ, ಜನ ಕೊಡುತ್ತಾರೆ

ಇದು ದುಡ್ಡಿಗಿಂತ ಒಳ್ಳೆಯದು. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಜಿಲ್ಲಾ ತಂಬಾಕು ನಿಯಂತ್ರಣ ಕೋಶ ಇರುತ್ತದೆ. ಶಾಲೆಗಳಲ್ಲಿ ಅರಿವು ಮೂಡಿಸುವುದು ಅವರ ಕೆಲಸದ ಪಟ್ಟಿಯಲ್ಲೇ ಇದೆ, ಅದಕ್ಕೆ ಅವರಿಗೆ ಬಜೆಟ್ಟೂ ಇದೆ. ‘ತಂಬಾಕು ಮುಕ್ತ ಶಿಕ್ಷಣ ಸಂಸ್ಥೆ’ ಮಾರ್ಗಸೂಚಿಯಲ್ಲಿ ಒಂಬತ್ತು ಮಾನದಂಡ ಇವೆ, ಅಂಕಪಟ್ಟಿಯೂ ಇದೆ. ಅದನ್ನು ನೀವೇ ಮೊದಲು ತುಂಬಿ, ‘ನಮಗೆ ಇಷ್ಟು ಅಂಕ ಬಂದಿದೆ, ಉಳಿದದ್ದಕ್ಕೆ ಬನ್ನಿ’ ಅಂತ ಬರೆದರೆ ಅವರಿಗೂ ಸುಲಭ. ನಮ್ಮ ಕಡೆ ನಡೆಯುವ ಗುಲಾಬಿ ಆಂದೋಲನದಲ್ಲಿ ಮಕ್ಕಳು ಅಂಗಡಿಯವರಿಗೆ ಗುಲಾಬಿ ಕೊಟ್ಟು ‘ಮಾರಬೇಡಿ ಅಣ್ಣ’ ಅನ್ನುತ್ತಾರೆ. ಮೊದಲು ನಾನು ನಕ್ಕಿದ್ದೆ. ಆದರೆ ನಮ್ಮ ಗೂಡಂಗಡಿಯವನು ಎದುರು ನಿಂತ ಮಗಳ ಕೈಯಿಂದ ಹೂವು ತೆಗೆದುಕೊಂಡ ಮೇಲೆ ತಂಬಾಕಿನ ಡಬ್ಬಿ ಒಳಗೆ ಸರಿಸಿದ.

ಒಪ್ಪದವನಿಗೆ ಕಾಯ್ದೆ ಇದೆ. 2003ರ ಕೋಟ್ಪಾ ಅನ್ನುವ ತಂಬಾಕು ನಿಯಂತ್ರಣ ಕಾಯ್ದೆಯ 6ನೇ ಕಲಂ ಶಾಲೆ ಹತ್ತಿರ ಮಾರುವುದನ್ನು ನಿಷೇಧಿಸುತ್ತದೆ. ಕರ್ನಾಟಕದ ತಿದ್ದುಪಡಿ ಬಂದ ಮೇಲೆ 21 ವರ್ಷದೊಳಗಿನವರಿಗೆ ಮಾರುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಇನ್ನೂ ಬಿಗಿ. ಮಗುವಿಗೆ ಹೆಂಡ, ಮಾದಕ ವಸ್ತು, ತಂಬಾಕು ಕೊಟ್ಟರೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಇನ್ನೊಂದು, ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮ. 2020ರಲ್ಲಿ ಶುರುವಾಯಿತು. ಹನ್ನೊಂದು ವಿಷಯಗಳಲ್ಲಿ ವ್ಯಸನ ತಡೆಯೂ ಒಂದು, ಹಿಂಸೆಯಿಂದ ರಕ್ಷಣೆಯೂ ಒಂದು. ಶಾಲೆಗೆ ಇಬ್ಬರು ಶಿಕ್ಷಕರು, ಒಬ್ಬರು ಮೇಷ್ಟ್ರು, ಒಬ್ಬರು ಮೇಡಂ, ಇದಕ್ಕೆ ತರಬೇತಿ ತೆಗೆದುಕೊಳ್ಳಬೇಕು. ನಿಮ್ಮ ಶಾಲೆಯ ಇಬ್ಬರು ಯಾರು ಅಂತ ಹೆಡ್‌ಮಾಸ್ಟರನ್ನು ಕೇಳಿ. ‘ಹೌದಾ, ಹಾಗೊಂದು ಇದೆಯಾ’ ಅಂದರೆ ಬಿಇಒ ಕಚೇರಿಗೆ ಒಂದು ಪತ್ರ ಬರೆಸಿ. ಹದಿಹರೆಯದವರಿಗೆ ಅಂತಲೇ ಇರುವ ಸ್ನೇಹ ಕ್ಲಿನಿಕ್ ಹತ್ತಿರದ ಆಸ್ಪತ್ರೆಯಲ್ಲಿ ಯಾವ ದಿನ ನಡೆಯುತ್ತದೆ ಅಂತ ವಿಚಾರಿಸಿ, ಅಲ್ಲಿನ ಆಪ್ತ ಸಮಾಲೋಚಕರನ್ನೇ ತಿಂಗಳಿಗೊಮ್ಮೆ ಶಾಲೆಗೆ ಕಳಿಸಿ ಅಂತ ಕೇಳಿ. ನಮಗೆ ಎರಡು ತಿಂಗಳಿಗೊಮ್ಮೆ ಬಂದರು, ಅದೇ ದೊಡ್ಡದು.

ಗ್ರಾಮ ಪಂಚಾಯಿತಿ

ಕಾಂಪೌಂಡು, ಆಟದ ಮೈದಾನ ಇವಕ್ಕೆ ಶಿಕ್ಷಣ ಇಲಾಖೆಯನ್ನು ಕಾಯಬೇಡಿ, ಪಂಚಾಯಿತಿಗೆ ಹೋಗಿ. ರಾಜ್ಯದಲ್ಲಿ ಎಷ್ಟೋ ಶಾಲೆಗಳ ಕಾಂಪೌಂಡು ಎದ್ದಿರುವುದು ಉದ್ಯೋಗ ಖಾತರಿ ದುಡ್ಡಿನಲ್ಲೇ. ಹಣಕಾಸು ಆಯೋಗದ ಅನುದಾನ, ಪಂಚಾಯಿತಿಯ ಸ್ವಂತ ತೆರಿಗೆ ದುಡ್ಡು ಕೂಡ ಇದೆ. ಆದರೆ ಕ್ರಿಯಾ ಯೋಜನೆಯಲ್ಲಿ ಸೇರದೆ ಪಿಡಿಒ ಏನೂ ಮಾಡಲಾರರು. ಸೇರಿಸುವ ಜಾಗ ಗ್ರಾಮಸಭೆ.

ಅದಕ್ಕಿಂತ ಒಳ್ಳೆಯ ದಾರಿ ನವೆಂಬರಿನ ಮಕ್ಕಳ ಗ್ರಾಮಸಭೆ. ನಮ್ಮ ಎಂಟನೇ ಕ್ಲಾಸಿನ ಹುಡುಗಿ ಎದ್ದು ನಿಂತು ‘ಸರ್, ಶೌಚಾಲಯದ ಹಿಂದೆ ಕುಡುಕರು ಕೂರುತ್ತಾರೆ, ನಾವು ನೀರೇ ಕುಡಿಯುವುದಿಲ್ಲ’ ಅಂದಳು. ಎರಡು ವರ್ಷದಿಂದ ನಾವು ದೊಡ್ಡವರು ಹೇಳಿದ್ದು ಇಷ್ಟು ನಾಟಿರಲಿಲ್ಲ. ಸಭೆಯ ನಡಾವಳಿಯಲ್ಲಿ ಅದು ಬರೆದಿದೆಯಾ ಅಂತ ಮಾರನೇ ದಿನವೇ ಹೋಗಿ ನೋಡಿ. ಬರೆಯದಿದ್ದರೆ ಆಡಿದ ಮಾತು ಗಾಳಿಗೆ ಹೋಯಿತು. ಹಾಗೇ, ಅಂಗಡಿಗಳ ಲೈಸೆನ್ಸ್ ಕೊಡುವುದೂ ಪಂಚಾಯಿತಿಯೇ ಅನ್ನುವುದು ನೆನಪಿರಲಿ.

ಜಿಲ್ಲಾಧಿಕಾರಿ, ಪೊಲೀಸು, ಸಂಯಮ ಮಂಡಳಿ

ನಶಾ ಮುಕ್ತ ಭಾರತ ಅಭಿಯಾನ 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ದೇಶದ ಎಲ್ಲ ಜಿಲ್ಲೆಗೂ ಬಂತು. ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಈ ದುಡ್ಡು ಶಾಲೆಯ ಖಾತೆಗೆ ಬರುವುದಿಲ್ಲ, ಅದಕ್ಕೆ ಆಸೆ ಪಡಬೇಡಿ. ಕೇಳಬೇಕಾದದ್ದು ಬೇರೆ. ಸಾಮಾಜಿಕ ನ್ಯಾಯ ಸಚಿವಾಲಯ ಶಿಕ್ಷಕರಿಗಾಗಿ ‘ನವಚೇತನ’ ಅನ್ನುವ ಜೀವನ ಕೌಶಲ ಪಾಠಗಳನ್ನು ಮಾಡಿದೆ. ‘ನಮ್ಮ ಕ್ಲಸ್ಟರಿನ ಶಿಕ್ಷಕರಿಗೆ ನವಚೇತನ ತರಬೇತಿ ಕೊಡಿಸಿ’ ಅಂತ ಒಂದೇ ಸಾಲು ಕೇಳಿ. ಒಂದು ಶಾಲೆ ಕೇಳಿದರೆ ಫೈಲಿನಲ್ಲಿ ಉಳಿಯುತ್ತದೆ, ಹತ್ತು ಶಾಲೆ ಸೇರಿ ಕೇಳಿದರೆ ಸಭೆಯ ವಿಷಯಪಟ್ಟಿಗೆ ಬರುತ್ತದೆ.

ನಿಮ್ಮ ಊರಲ್ಲಿ ನೋಂದಾಯಿತ ಸಂಸ್ಥೆ ಇದ್ದರೆ ಇನ್ನೊಂದು ದಾರಿ ಇದೆ. ಅದೇ ಸಚಿವಾಲಯ ಹದಿಹರೆಯದವರ ನಡುವೆ ಗೆಳೆಯರ ಮೂಲಕವೇ ವ್ಯಸನ ತಡೆಯುವ ಕೆಲಸಕ್ಕೆ ಸಂಸ್ಥೆಗಳಿಗೆ ನೆರವು ಕೊಡುತ್ತದೆ. ಸರ್ಕಾರದ ಎನ್‌ಜಿಒ ದರ್ಪಣ್ ಪೋರ್ಟಲಿನಲ್ಲಿ ನೋಂದಣಿ, ಇ-ಅನುದಾನ್ ಪೋರ್ಟಲಿನಲ್ಲಿ ಅರ್ಜಿ. ಇದು ವರ್ಷಗಟ್ಟಲೆ ಹಿಡಿಯುವ ಕೆಲಸ, ಶಾಲೆಯವರು ಇದರ ತಂಟೆಗೆ ಹೋಗದೆ ಸಂಸ್ಥೆಯವರಿಗೆ ಬೆಂಬಲ ಪತ್ರ ಕೊಟ್ಟರೆ ಸಾಕು.

ಪೊಲೀಸರದ್ದು ಸ್ಟೂಡೆಂಟ್ ಪೊಲೀಸ್ ಕೆಡೆಟ್. ಕೇರಳದಲ್ಲಿ 2010ರಲ್ಲಿ ಶುರುವಾದದ್ದನ್ನು ಕೇಂದ್ರ ಗೃಹ ಸಚಿವಾಲಯ 2018ರಲ್ಲಿ ದೇಶಕ್ಕೆಲ್ಲ ತಂದಿತು. 8 ಮತ್ತು 9ನೇ ತರಗತಿಗೆ. ಆಯ್ಕೆಯಾದ ಶಾಲೆಗೆ 50,000 ರೂಪಾಯಿ ನೆರವು ಇತ್ತು. ಹಾಗಾಗಿ ಇದು ಹೆಚ್ಚಾಗಿ ಪ್ರೌಢಶಾಲೆಗೆ ಹೊಂದುತ್ತದೆ, ಎಸ್‌ಪಿ ಕಚೇರಿಗೆ ಬರೆಯಬೇಕು. ನಮ್ಮಂಥ ಪ್ರಾಥಮಿಕ ಶಾಲೆಗೆ ‘ತೆರೆದ ಮನೆ’ ಸಾಕು, ಮಕ್ಕಳು ಠಾಣೆ ನೋಡಿ ಬರುತ್ತಾರೆ, ಖರ್ಚಿಲ್ಲ.

ರಾಜ್ಯದ ಮದ್ಯಪಾನ ಸಂಯಮ ಮಂಡಳಿ ಶಾಲಾ ಕಾಲೇಜುಗಳಲ್ಲಿ ಕಾರ್ಯಕ್ರಮ ಮಾಡಿಸುತ್ತದೆ. ಇಳಕಲ್ಲಿನ ಮಹಾಂತ ಸ್ವಾಮಿಗಳ ಹುಟ್ಟಿದ ದಿನ ಆಗಸ್ಟ್ 1 ವ್ಯಸನಮುಕ್ತ ದಿನ. ಆ ದಿನಕ್ಕೆ ನಿಮ್ಮ ಶಾಲೆಯನ್ನೇ ಆರಿಸಿ ಅಂತ ಜೂನ್‌ನಲ್ಲೇ ಪತ್ರ ಕೊಡಿ.

ಶಾಸಕರ ನಿಧಿ, ಕಂಪನಿಗಳ ಸಿಎಸ್‌ಆರ್ ಎಲ್ಲ ಕಟ್ಟಡಕ್ಕೆ, ಸಿಸಿ ಕ್ಯಾಮೆರಾಕ್ಕೆ ಸಿಗಬಹುದು, ಸಮಾಲೋಚನೆಗೆ ಸಿಗುವುದು ಅಪರೂಪ.

ಯಾವ ತಿಂಗಳು ಏನು

ಇದನ್ನು ಯಾವ ಸುತ್ತೋಲೆಯೂ ಹೇಳುವುದಿಲ್ಲ. ಜೂನ್‌ನಲ್ಲಿ ನಡಾವಳಿ, ಜುಲೈನಲ್ಲಿ ಎಲ್ಲ ಕಚೇರಿಗೂ ಮನವಿ. ಮಲೆನಾಡಿನ ಮಳೆ ಅಂತ ಮುಂದೂಡಬೇಡಿ, ರಜೆ ಕೊಟ್ಟ ದಿನ ಹಾಸನಕ್ಕೆ ಹೋಗಿ ಬನ್ನಿ. ಹಾಸನಾಂಬೆ ಬಾಗಿಲು ತೆಗೆಯುವ ದಿನಗಳಲ್ಲಿ ಜಿಲ್ಲಾ ಕಚೇರಿಗೆ ಹೋದರೆ ಬರೀ ಕುರ್ಚಿ ಸಿಗುತ್ತದೆ, ಎಲ್ಲರೂ ದರ್ಶನದ ಡ್ಯೂಟಿಯಲ್ಲಿ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು, ಪೋಷಕರ ಸಭೆ ಕರೆದರೆ ಯಾರೂ ಬರುವುದಿಲ್ಲ. ಬರಲೇಬೇಕು ಅಂದರೆ ಸಂಜೆ ಲೈನ್ ಮನೆ ಹತ್ತಿರವೇ ಸಭೆ ಇಡಿ. ನಾವು ಇಟ್ಟೆವು, ಶಾಲೆಯಲ್ಲಿ ಒಂಬತ್ತು ಜನ ಬರುತ್ತಿದ್ದವರು ಅಲ್ಲಿ ನಲವತ್ತು ದಾಟಿದರು. ಜನವರಿ ಹೊತ್ತಿಗೆ ಮುಂದಿನ ವರ್ಷದ ಸಮಗ್ರ ಶಿಕ್ಷಣದ ಯೋಜನೆ ತಯಾರಾಗುತ್ತಿರುತ್ತದೆ, ನಿಮ್ಮ ಪತ್ರ ಅಷ್ಟರಲ್ಲಿ ಬಿಆರ್‌ಸಿಯಲ್ಲಿ (ತಾಲ್ಲೂಕಿನ ಸಂಪನ್ಮೂಲ ಕೇಂದ್ರ) ಇರಬೇಕು.

ಕೊಟ್ಟ ಮೇಲೆ ಬಿಡಬೇಡಿ

ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ವಿಷಯ ನಿರ್ವಾಹಕರು ಯಾರು ಅಂತ ಅಲ್ಲೇ ಕೇಳಿ. ಹದಿನೈದು ದಿನಕ್ಕೊಮ್ಮೆ ಫೋನು, ತಿಂಗಳಿಗೊಮ್ಮೆ ಮುಖ ತೋರಿಸುವುದು. ಜಗಳ ಬೇಡ. ಮೂರು ತಿಂಗಳಾದರೂ ಅಲುಗಾಡದಿದ್ದರೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಾಕಿ ಮಾಹಿತಿ ಹಕ್ಕಿನಲ್ಲಿ ‘ಇಂಥ ನಂಬರಿನ ಮನವಿಯ ಮೇಲೆ ತೆಗೆದುಕೊಂಡ ಕ್ರಮ’ ಕೇಳಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.

ದುಡ್ಡು ಬಂದಾಗ ಫ್ಲೆಕ್ಸ್ ಮಾಡಿಸಬೇಡಿ

ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲಿ. ದುಡ್ಡು ಬಂತು ಅಂದರೆ ಜಾಥಾ, ಫ್ಲೆಕ್ಸು, ಪ್ರತಿಜ್ಞೆ, ಬನ್ ಮತ್ತು ಬಾಳೆಹಣ್ಣು. ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪರಿಷ್ಕರಿಸಿ ತಂದ ಮಾನದಂಡಗಳನ್ನು ನೋಡಿ. ಬರೀ ಮಾಹಿತಿ ಕೊಡುವುದು, ಹೆದರಿಸುವುದು, ಹಿಂದೆ ನಶೆ ಮಾಡುತ್ತಿದ್ದವರನ್ನು ಕರೆಸಿ ಕತೆ ಹೇಳಿಸುವುದು ಇವುಗಳಿಂದ ಫಲ ಕಂಡಿಲ್ಲ ಅಂತಲೇ ಅದರಲ್ಲಿದೆ. ಫಲ ಕೊಟ್ಟದ್ದು ತರಬೇತಾದ ಶಿಕ್ಷಕರು ವಾರ ವಾರ, ಸಾಲಾಗಿ, ಮಕ್ಕಳೇ ಮಾತಾಡುವಂತೆ ಮಾಡಿದ ತರಗತಿಗಳು. ಅಮೆರಿಕದವರು 1986ರಿಂದ ಶಾಲೆಗಳಿಗೆ ಇದಕ್ಕೆಂದೇ ರಾಜ್ಯವಾರು ದುಡ್ಡು ಹಂಚಿ, ಪರಿಣಾಮ ತೋರಿಸಲಾಗದೆ 2010ರ ಬಜೆಟ್ಟಿನಲ್ಲಿ ಆ ಹಂಚಿಕೆ ನಿಲ್ಲಿಸಿದರು. ಅವರ ಹತ್ತಿರ ದುಡ್ಡಿತ್ತು, ಕಳೆದುಕೊಂಡರು. ನಮ್ಮ ಹತ್ತಿರ ಇರುವುದು ಹದಿನೈದು ಸಾವಿರ.

ಹೊಡೆದಾಟದ ವಿಷಯಕ್ಕೂ ಇದೇ. ಮಕ್ಕಳಿಗೆ ಅಹಿಂಸೆ ಬೋಧಿಸಿ ಮೇಷ್ಟ್ರ ಕೈಯಲ್ಲಿ ಬೆತ್ತ ಇದ್ದರೆ ಆಗುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಅದನ್ನು ನಿಷೇಧಿಸಿದೆ. ಇದನ್ನು ಸಭೆಯಲ್ಲಿ ಹೇಳಿದ್ದಕ್ಕೆ ನನ್ನ ಜೊತೆ ಎರಡು ತಿಂಗಳು ಒಬ್ಬರು ಮಾತು ಬಿಟ್ಟಿದ್ದರು.

ಮಗು ಆಗಲೇ ತೊಂದರೆಯಲ್ಲಿ ಸಿಕ್ಕಿಬಿದ್ದಿದ್ದರೆ ಅನುದಾನಕ್ಕೆ ಕಾಯಬೇಡಿ. ವ್ಯಸನಕ್ಕೆ 14446, ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416, ಮಗುವಿಗೆ ಅಪಾಯ ಅನ್ನಿಸಿದರೆ 1098. ಲೈಂಗಿಕ ದೌರ್ಜನ್ಯದ ಅನುಮಾನ ಇದ್ದರೆ ಪೋಕ್ಸೊ ಪ್ರಕಾರ ವರದಿ ಮಾಡಲೇಬೇಕು, ಮುಚ್ಚಿಟ್ಟರೆ ಮುಚ್ಚಿಟ್ಟವರಿಗೇ ಶಿಕ್ಷೆ.

ಲೆಕ್ಕ

ಈಗ ಸಮಗ್ರ ಶಿಕ್ಷಣದ ದುಡ್ಡು ಶಾಲೆ ಖಾತೆಗೆ ಬಂದು ಕೂರುವುದಿಲ್ಲ, ಖರ್ಚು ಮಾಡುವ ಮಿತಿ ಮಾತ್ರ ಬರುತ್ತದೆ. ಮಾರ್ಚ್ ಮುಗಿದರೆ ಮಿತಿಯೂ ಹೋಗುತ್ತದೆ. ಪ್ರತಿ ಖರ್ಚಿಗೂ ಬಿಲ್ಲು, ಓಚರು, ಎಸ್‌ಡಿಎಂಸಿ ಒಪ್ಪಿಗೆ, ಕ್ಯಾಶ್‌ಬುಕ್ಕಿನಲ್ಲಿ ನಮೂದು. ಕೊನೆಗೆ ಹಣ ಬಳಕೆ ಪ್ರಮಾಣಪತ್ರ. ನಾವು ಒಂದು ವರ್ಷ ಕರಾಟೆ ತರಬೇತುದಾರರ ಸಹಿ ತೆಗೆದುಕೊಳ್ಳುವುದು ಮರೆತು ಆ ಪ್ರಮಾಣಪತ್ರವೇ ನಿಂತುಹೋಯಿತು, ಅವರನ್ನು ಹುಡುಕಿಕೊಂಡು ಮೂಡಿಗೆರೆವರೆಗೆ ಬೈಕಿನಲ್ಲಿ ಹೋಗಿದ್ದೆ. ತರಗತಿ ನಡೆದ ದಿನವೇ ಸಹಿ ಹಾಕಿಸಿ.

ಎಸ್‌ಡಿಎಂಸಿ ಅವಧಿ ಮೂರು ವರ್ಷ. ಇಳಿಯುವಾಗ ಒಂದು ಫೈಲು ಮಾಡಿ ಹೊಸ ಅಧ್ಯಕ್ಷರ ಕೈಗೆ ಕೊಡಿ: ನಡಾವಳಿ ಪ್ರತಿ, ಸೀಲು ಬಿದ್ದ ಮನವಿಗಳು, ಫೋಟೋಗಳು, ಪ್ರಮಾಣಪತ್ರಗಳು, ಯಾವ ಕಚೇರಿಯಲ್ಲಿ ಯಾವ ಟೇಬಲ್ ಅನ್ನುವ ಒಂದು ಚೀಟಿ. ನಮ್ಮ ಫೈಲಿನಲ್ಲಿ ಆ ಮೊದಲನೇ ಒಂದು ಸಾಲಿನ ಉತ್ತರವೂ ಇದೆ, ಎಲ್ಲಿಗೆ ಬರೆಯಬಾರದು ಅಂತ ಗೊತ್ತಿರಲಿ ಅಂತ.